ರಾಜರಿಲ್ಲದ ಗೊಂಬೆಯಾಟ

ಅಪೊಲೆನಾಳ ಗಂಟಲಿನಿಂದ ರಾಜ ಹೊರಡುತ್ತಲೇ ಇರಲಿಲ್ಲ. ಬೊಹೀಮಿಯಾದ ಆ ಸೀಮೆಗೆಲ್ಲಾ ಗೊತ್ತಿದ್ದ ಸಂಗತಿ ಇದು. ಗಂಡ ಬದುಕಿದ್ದಾಗ ಅವನು ಬಾಯಿ ತೆರೆದರೆ ಸಾಕು, ಮೊಳದುದ್ದದ ಮರದ ರಾಜ ಗುಡುಗುತ್ತಿದ್ದ, ಮುಂದಿನ ಬೆಂಚಿನ ಹೆಂಗಸರು ಎದೆ ಹಿಡಿದುಕೊಳ್ಳುತ್ತಿದ್ದರು. ಅವನು ಕೆಮ್ಮಿ ಕೆಮ್ಮಿ ಸತ್ತ ಮೇಲೆ ಸೂತ್ರಗಳ ಜೊತೆಗೆ ಮಾತುಗಳೂ ಇವಳ ಪಾಲಿಗೆ ಬಂದವು. ಗೊಂಬೆ ಆಡಿಸುವವರೇ ಎಲ್ಲರ ಮಾತನ್ನೂ ಆಡಬೇಕು, ಅದು ಆ ಕಸುಬಿನ ಕಟ್ಟು. ರಾಜಕುಮಾರಿ ಸಲೀಸಾಗಿ ಬಂದಳು. ಸೈತಾನನಂತೂ ಅಳುವ ಮಕ್ಕಳನ್ನು ತೆಪ್ಪಗಾಗಿಸುವಷ್ಟು ಚೆನ್ನಾಗಿ ಬಂದ. ರಾಜ ಮಾತ್ರ ಕೈಕೊಟ್ಟ.

"ಮಹಾರಾಜರಿಗೆ ನೆಗಡಿ ಕಣ್ರೋ!" ಎಂದು ಪಡಖಾನೆಯ ಪಡ್ಡೆಗಳು ಕೂಗುತ್ತಿದ್ದರು.

ಅಪೊಲೆನಾ ಬಿಟ್ಟುಕೊಡುವ ಪೈಕಿಯವಳಲ್ಲ. ರಾಜನ ಕೈಯನ್ನೇ ಎತ್ತಿಸಿ, "ನನ್ನ ನೆಗಡಿ ಹಾಗಿರ್ಲಿ, ನಿನ್ನ ಮೂಗು ಒರೆಸ್ಕೋ ಮೊದ್ಲು" ಎಂದು ಆಟದ ನಡುವೆಯೇ ಜವಾಬು ಕೊಡುತ್ತಿದ್ದಳು. ಜನ ನಗುತ್ತಿದ್ದರು, ಸರಿ. ಆದರೆ ರಾಜ ಬಂದಾಗ ಜನ ನಕ್ಕರೆ ಆಟ ಕೆಟ್ಟ ಹಾಗೆಯೇ. ಪರದೆಯ ಹಿಂದೆ ಮುಕ್ಕಾಲಿಯ ಮೇಲೆ ಕೂತು ಒಂದೊಂದೇ ಗೊಂಬೆ ಎತ್ತಿಕೊಡುತ್ತಿದ್ದ ಅತ್ತೆ ಕೊರ್ಡುಲಾ ಅದನ್ನು ನೆನಪಿಸಲು ಮರೆಯುತ್ತಿರಲಿಲ್ಲ.

"ನನ್ನ ಮಗ ಇದ್ದಿದ್ರೆ ಈ ನಗು ಬರ್ತಿರ್ಲಿಲ್ಲ ಕಣೇ."

"ನಿಮ್ಮ ಮಗ ಇದ್ದಿದ್ರೆ ನಾನ್ಯಾಕೆ ಅತ್ತೆ ಹೀಗೆ ಗಂಟ್ಲು ಹರ್ಕೋತಿದ್ದೆ?"

ಇಬ್ಬರಿಗೂ ಅವನ ನೆನಪಾಗಿ ಒಬ್ಬಳು ಸೂತ್ರದ ಗಂಟು ಬಿಡಿಸುತ್ತಿದ್ದಳು, ಇನ್ನೊಬ್ಬಳು ಗೊಂಬೆಯ ಅಂಗಿ ಸರಿಮಾಡುತ್ತಿದ್ದಳು. ಆಮೇಲೆ ಮತ್ತೆ ಶುರು.

ಅಪೊಲೆನಾಳ ಕೈಯಲ್ಲಿ ನಿಜವಾಗಿ ಜೀವ ತಳೆಯುತ್ತಿದ್ದವನೆಂದರೆ ವಾವ್ರಾ. ವಾವ್ರಾ ಎಂದರೆ ಆಟದೊಳಗಿನ ರೈತ, ಒದೆ ತಿನ್ನುವವನು. ರಾಜರ ಕಥೆಗೂ ಅವನಿಗೂ ಸಂಬಂಧವೇ ಇಲ್ಲ. ನಡುವೆ ಒಮ್ಮೆ ಬರುತ್ತಾನೆ, ಮೂಗಿನಲ್ಲಿ ಮಾತಾಡುತ್ತಾನೆ, ತೊದಲುತ್ತಾನೆ, ದೊರೆಗೆ ಟೋಪಿ ತೆಗೆಯುತ್ತಾನೆ. ಆಮೇಲೆ ದೊರೆಯ ದಫೇದಾರ ಬಂದು ಅವನನ್ನು ಬೆಂಚಿನ ಮೇಲೆ ಕವುಚಿ ಹಾಕಿ ಬಡಿಯುತ್ತಾನೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಲ್ಲಿಗೆ ವಾವ್ರಾನ ಕೆಲಸ ಮುಗಿಯಿತು, ಮತ್ತೆ ರಾಜರು ಬರುತ್ತಾರೆ.

ಬಡಿತವೆಂದರೆ ನಿಜವಾದ ಬಡಿತ, ಮರಕ್ಕೆ ಮರ. ರಾಜರ ಗೊಂಬೆಗಳನ್ನು ಮಾವ ಕೆತ್ತಿದ್ದು. ಇಷ್ಟು ಕಾಲವಾದರೂ ಅವುಗಳ ಕೆನ್ನೆಯ ಬಣ್ಣ ಮಾಸಿರಲಿಲ್ಲ, ಅವುಗಳ ಮೈಮೇಲೆ ಕೈ ಮಾಡುವವರೇ ಇರಲಿಲ್ಲವಲ್ಲ. ವಾವ್ರಾ ಮಾತ್ರ ಸೀಳುತ್ತಲೇ ಇದ್ದ. ಒಮ್ಮೆ ಬೆನ್ನು, ಒಮ್ಮೆ ಸೊಂಟ, ಒಮ್ಮೆ ಕತ್ತೇ ಹೋಯಿತು. ಮಾವನಿಗೆ ಅವನನ್ನು ಮತ್ತೆ ಮತ್ತೆ ಕೆತ್ತುವ ತಾಳ್ಮೆ ಇರಲಿಲ್ಲ. ಮದುವೆಯಾಗಿ ಬಂದ ವರ್ಷವೇ ಅಪೊಲೆನಾ ಆ ಕೆಲಸ ಕೈಗೆತ್ತಿಕೊಂಡಳು. ಲಿಂಡನ್ ಮರದ ತುಂಡು ಸಿಕ್ಕಿದಾಗೆಲ್ಲಾ ಹೊಸ ವಾವ್ರಾ ಹುಟ್ಟುತ್ತಿದ್ದ. ಮರ ಮಿಕ್ಕರೆ ಅವನಿಗೊಬ್ಬ ಹೆಂಡತಿ, ಒಬ್ಬ ಗಿರಣಿಯವನು, ಅಕ್ಕಪಕ್ಕದ ರೈತರೂ ಹುಟ್ಟುತ್ತಿದ್ದರು. ಒಂದು ಸಲ ಅವಳ ತಂದೆಯ ಮೂಗು, ಇನ್ನೊಂದು ಸಲ ದಾರಿಯಲ್ಲಿ ನೀರು ಕೊಟ್ಟ ಯಾರದೋ ಕಿವಿ. ಈಚಿನ ವಾವ್ರಾನ ಹುಬ್ಬಿನ ನಡುವೆ ಒಂದು ಗೆರೆ ಬಿದ್ದಿತ್ತು. ಉಳಿ ಜಾರಿ ಆದದ್ದು, ಆದರೆ ಏನೋ ಯೋಚನೆ ಮಾಡುತ್ತಿರುವವನ ಹಾಗೆ ಕಾಣುತ್ತಿದ್ದ.

ಆ ಕಾಲಕ್ಕೆ ಪ್ರಾಗ್ ಪಟ್ಟಣದ ಪುಸ್ತಕದವರು ರೈತನ ಮೇಲೆ ಪದ್ಯ ಕಟ್ಟತೊಡಗಿದ್ದರು. ಚಿತ್ರ ಬರೆಯುವವರು ಕುರುಬನನ್ನು ಕರೆತಂದು ಬಂಗಾರದ ಚೌಕಟ್ಟಿನಲ್ಲಿ ನಿಲ್ಲಿಸಿದ್ದರು. ಪಾಪ, ಒಳ್ಳೆಯ ಮನಸ್ಸಿನವರೇ. ಅಪೊಲೆನಾಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವಳ ತಲೆಯಲ್ಲಿದ್ದದ್ದು ಒಂದೇ ಚಿಂತೆ, ಗೊಂಬೆಯ ಪೆಟ್ಟಿಗೆ ಕೈಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದು. ಗಂಡನ ಅಣ್ಣ ಪ್ರೊಕೊಪ್ ತಾನೂ ಗೊಂಬೆಯಾಟದವನು, ಭಾರಿ ಕಂಠದವನು. ತಮ್ಮನ ಹೆಣ ಮಣ್ಣಾದ ದಿನವೇ ಗೋರಿಯ ಪಕ್ಕದಲ್ಲಿ ಮಾತು ಮುಗಿಸಿದ್ದ.

"ನೋಡಮ್ಮ ಅಪೊಲೆನಾ, ಅಪ್ಪ ಮಾಡಿದ ಗೊಂಬೆಗಳು. ನೀನು ಆಡ್ಸು, ಬೇಡ ಅನ್ನಲ್ಲ. ಆದ್ರೆ ಯಾವುದಾದ್ರೂ ಒಂದು ಸಂಸ್ಥಾನದವರು ನಿನ್ನ ಹೊರಗೆ ಹಾಕಿದ್ರು ಅನ್ನೋ ಮಾತು ನನ್ನ ಕಿವಿಗೆ ಬಿದ್ರೆ ಅವತ್ತೇ ಬಂದು ಪೆಟ್ಟಿಗೆ ತಗೊಂಡು ಹೋಗ್ತೀನಿ. ಮನೆತನದ ಹೆಸರು ಕೆಡಬಾರ್ದು."

ಅವಳು ಒಪ್ಪಿದ್ದಳು. ಒಪ್ಪದೆ ಇನ್ನೇನು ಮಾಡುತ್ತಾಳೆ? ಅವಳಿಗೆ ಬೇರೆ ಕಸುಬು ಗೊತ್ತಿಲ್ಲ, ಬೇಕಾಗಿಯೂ ಇರಲಿಲ್ಲ. ಪೆಟ್ಟಿಗೆ ಹೋದರೆ ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕಬೇಕು. ಅಂದಿನಿಂದ ಪ್ರತಿ ಸಂಸ್ಥಾನದಲ್ಲೂ ಪಾರುಪತ್ಯಗಾರನ ಮುಂದೆ ಕೈಕಟ್ಟಿ ನಿಂತು ಅಪ್ಪಣೆ ಬೇಡುತ್ತಿದ್ದಳು. ಹಳೆಯ ಆಟ ಹಳೆಯ ಹಾಗೆಯೇ ಆಡುತ್ತೇನೆ, ಹೊಸದೇನೂ ಸೇರಿಸುವುದಿಲ್ಲ ಎಂದು ಮಾತು ಕೊಡುತ್ತಿದ್ದಳು. ಅದರಂತೆಯೇ ನಡೆಯುತ್ತಿದ್ದಳು.

ಹ್ರಾಶ್ಕೊವ್ ಎಂಬ ಹಳ್ಳಿಗೆ ಅವರು ಬಂದದ್ದು ಕುಯ್ಲಿನ ಕಾಲದ ಒಂದು ಭಾನುವಾರ. ದಾರಿಯಲ್ಲಿ ಗಾಡಿಯ ಚಕ್ರ ಕಳಚಿ ಹೊತ್ತಾಗಿತ್ತು. ಇಗರ್ಜಿ ಬಿಟ್ಟು ಜನ ಆಗಲೇ ಪಡಖಾನೆಯ ಕಡೆ ಬರುತ್ತಿದ್ದರು. ಗೊಂಬೆಯವರಿಗೆ ಒಂದು ಪದ್ಧತಿ. ಯಾವ ಊರಿಗೆ ಹೋದರೂ ಮೊದಲು ಪಡಖಾನೆಯಲ್ಲಿ ಕೂತು ಊರ ಸುದ್ದಿ ತಿಳಿದುಕೊಳ್ಳಬೇಕು. ದಫೇದಾರ "ನಿನ್ನ ಹೆಸರೇನಲೋ?" ಎಂದಾಗ ವಾವ್ರಾ ಆಯಾ ಊರಿನ ಒಬ್ಬ ಪೆದ್ದನದೋ ಜಂಬಗಾರನದೋ ಹೆಸರು ಹೇಳಬೇಕು. ಆಗ ಏಳುವ ನಗುವೇ ಆಟದ ಉಪ್ಪುಕಾರ. ಅಪೊಲೆನಾ ಯಾವಾಗಲೂ ಇದನ್ನು ನಿಧಾನವಾಗಿ, ನಾಲ್ಕು ಜನರ ಬಾಯಲ್ಲಿ ಕೇಳಿ ತಿಳಿಯುತ್ತಿದ್ದಳು. ಅವತ್ತು ಪುರುಸೊತ್ತಿರಲಿಲ್ಲ.

"ಕ್ಲಿಮೆಂಟಣ್ಣ, ಈ ವಾರ ನಿಮ್ಮೂರಲ್ಲಿ ಯಾರ ಮಾತು?" ಎಂದು ಬಿಯರಿನ ಪೀಪಾಯಿಗೆ ನಲ್ಲಿ ಬಡಿಯುತ್ತಿದ್ದ ಪಡಖಾನೆಯ ಯಜಮಾನನನ್ನು ಕೇಳಿದಳು.

"ಇನ್ಯಾರ್ದು? ಮತೌಷ್‌ದು. ಊರೆಲ್ಲಾ ಅವನ್ದೇ ಮಾತು" ಎಂದ ಕ್ಲಿಮೆಂಟ್. ಅಷ್ಟರಲ್ಲಿ ನೊರೆ ಉಕ್ಕಿ ಮುಖಕ್ಕೆ ಹಾರಿತು, ಮುಂದೆ ಹೇಳಬೇಕಾದದ್ದು ಅಲ್ಲಿಗೇ ನಿಂತಿತು.

ಅವಳಿಗೆ ಅಷ್ಟೇ ಸಾಕಾಯಿತು. ಹೆಸರು ಸಿಕ್ಕಿತಲ್ಲ ಎಂದು ಪರದೆ ಕಟ್ಟಲು ಓಡಿದಳು.

ಆಟಕ್ಕೆ ಅಪ್ಪಣೆ ಕೊಟ್ಟಿದ್ದ ಆ ಸಂಸ್ಥಾನದ ಪಾರುಪತ್ಯಗಾರ ಮುಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಆಟ ನಡೆಯಿತು. ರಾಜ ಬಂದ, ಎಂದಿನಂತೆ ಯಾರೋ ನೆಗಡಿಯ ಮಾತೆತ್ತಿದರು. ರಾಜಕುಮಾರಿ ಅತ್ತಳು. ಆಮೇಲೆ ವಾವ್ರಾ ಬಂದ. ಅವನ ಹೆಜ್ಜೆ ಕಂಡ ಕೂಡಲೇ ಮಕ್ಕಳು ಕುಪ್ಪಳಿಸಿದರು. ದಫೇದಾರ ಕೋಲು ಹಿಡಿದು ಬಂದ.

"ನಿನ್ನ ಹೆಸರೇನಲೋ?"

"ಮ... ಮ... ಮತೌಷ್ ಅಂತಾರೆ ಬುದ್ಧೀ!" ಎಂದ ವಾವ್ರಾ ಮೂಗಿನಲ್ಲಿ.

ನಗು ಬರಲಿಲ್ಲ. ಒಬ್ಬ ಮಾತ್ರ ನಕ್ಕ, ಪಾರುಪತ್ಯಗಾರ. ಮಕ್ಕಳು ಕೂಡ ದೊಡ್ಡವರ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದರು. ಅಪೊಲೆನಾ ಎರಡೂ ಕೈಯಲ್ಲಿ ಸೂತ್ರ ಹಿಡಿದೇ ಪರದೆಯ ಕಿಂಡಿಗೆ ಕಣ್ಣಿಟ್ಟಳು. ಬೆಂಚುಗಳಲ್ಲಿ ಜಾಗ ಖಾಲಿ ಇತ್ತು. ಆದರೂ ಹಿಂದಿನ ಗೋಡೆಯ ಬಳಿ ಒಬ್ಬ ಗಂಡಸು ನಿಂತಿದ್ದ, ಗೋಡೆಗೆ ಒರಗದೆ, ಒಂದು ಕೈಯನ್ನು ಮಾತ್ರ ಆನಿಸಿಕೊಂಡು. ಅವನ ಪಕ್ಕದಲ್ಲಿ ಅವನ ಹೆಂಡತಿಯೂ ನಿಂತಿದ್ದಳು.

"ಕೂರ್ಬಾರ್ದಾ ಅವರು? ಬೆಂಚು ಬಿದ್ದಿದೆಯಲ್ಲ" ಎಂದು ಕೊರ್ಡುಲಾ ಗೊಣಗಿದಳು.

ಅಪೊಲೆನಾಗೆ ಅರ್ಥವಾಯಿತು. ಹಳ್ಳಿ ಹಳ್ಳಿ ಅಲೆದವಳು, ಕೂರಲಾಗದ ಗಂಡಸರನ್ನು ಕಂಡವಳು. ದೊರೆಯ ಹೊಲದ ಬಿಟ್ಟಿ ಚಾಕರಿಗೆ ತಪ್ಪಿಸಿಕೊಂಡವರನ್ನು ಸಂಸ್ಥಾನದ ಅಂಗಳದಲ್ಲಿ ಬೆಂಚಿನ ಮೇಲೆ ಮಲಗಿಸಿ ಏನು ಮಾಡುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಊರೆಲ್ಲಾ ಮತೌಷ್‌ನ ಮಾತು ಯಾಕೆ ಎಂಬುದೂ ಈಗ ಗೊತ್ತಾಯಿತು. ಥೂ ನನ್ನ ಬಾಯಿಗಿಷ್ಟು, ಎಂಥ ಕೆಲಸ ಮಾಡಿದೆ ಎಂದು ನಾಚಿಕೆಯಿಂದ ಸತ್ತುಹೋದಳು.

"ಹೊಡೀಯೇ, ನಿಂತ್ಕೊಂಡ್ಯಲ್ಲ" ಎಂದು ಅತ್ತೆ ಪಿಸುಗುಟ್ಟಿದಳು. "ಮುಂದೆ ಯಾರು ಕೂತವ್ರೆ ನೋಡಿದ್ಯಾ? ಪೆಟ್ಟಿಗೆ ಹೋಗುತ್ತೆ, ಹುಷಾರು!"

ದಫೇದಾರನ ಕೋಲು ಮೇಲೆದ್ದಿತ್ತು. ಇಳಿಸಿದರೆ ಮುಗಿಯಿತು, ಹಳೆಯ ಆಟ ಹಳೆಯ ಹಾಗೆಯೇ ಮುಗಿಯುತ್ತದೆ, ಪೆಟ್ಟಿಗೆ ಉಳಿಯುತ್ತದೆ. ನಿಂತ ಆ ಹೆಂಗಸಿನ ಮುಖವನ್ನು ಅಪೊಲೆನಾ ಇನ್ನೊಮ್ಮೆ ನೋಡಿದಳು. ಹಾಳಾಗಿ ಹೋಗಲಿ ಪೆಟ್ಟಿಗೆ, ಎಂದುಕೊಂಡಳು. ದಫೇದಾರನನ್ನು ಕೋಲು ಸಮೇತ ಮೇಲಕ್ಕೆತ್ತಿ ಗೂಟಕ್ಕೆ ನೇತುಹಾಕಿಬಿಟ್ಟಳು.

ರಂಗದ ಮೇಲೆ ವಾವ್ರಾ ಒಬ್ಬನೇ ಉಳಿದ. ಮಾವನ ಕಾಲದಿಂದಲೂ ಅವನು ಹೀಗೆ ಒಬ್ಬನೇ ನಿಂತವನಲ್ಲ. ಹಿಂದುಗಡೆ ಬಣ್ಣ ಬಳಿದ ಅರಮನೆ, ಮುಂದೆ ಇವನು. ಅಪೊಲೆನಾ ಅವನನ್ನು ಎರಡು ಹೆಜ್ಜೆ ಮುಂದೆ ತಂದಳು. ನಿಧಾನವಾಗಿ ಅವನ ಟೋಪಿ ತೆಗೆಸಿದಳು. ಮುಂದಿನ ಬೆಂಚಿನ ಕಡೆಗಲ್ಲ, ಹಿಂದಿನ ಗೋಡೆಯ ಕಡೆಗೆ.

"ಮತೌಷಣ್ಣ" ಎಂದ ವಾವ್ರಾ. ಮೂಗಿನಲ್ಲಲ್ಲ, ತೊದಲಿಲ್ಲ. ಅದು ಅಪೊಲೆನಾಳ ಸ್ವಂತ ದನಿ, ಸ್ವಲ್ಪ ಒಡಕು, ಸ್ವಲ್ಪ ತಗ್ಗು. "ನಿನ್ನ ಹೆಸರು ಕೇಳದೆ ಎತ್ಕೊಂಡೆ. ತಪ್ಪಾಯ್ತು. ಒಳ್ಳೆ ಹೆಸರು, ವಾಪಸ್ ತಗೋ. ನನ್ನ ಹೆಸರು ವಾವ್ರಾ. ನನ್ನಪ್ಪನ ಹೆಸರೂ ವಾವ್ರಾ. ಒದೆ ತಿನ್ನೋದು ನಮ್ಮನೆ ಕೆಲ್ಸ ಅಂದ್ಕೊಂಡಿದ್ದೆ ಇಷ್ಟು ದಿವ್ಸ. ಬೆಳಿಗ್ಗೆ ಎದ್ರೆ ದೊರೆಗಳ ಗೋಧಿ ಕುಯ್ಯೋದು. ನನ್ನ ಹೊಲ್ದಲ್ಲಿ ಪೈರು ಬಾಗಿ ಬಾಗಿ ನನ್ನ ಕರೀತಿರುತ್ತೆ, ಮೋಡ ಬರ್ತಿರುತ್ತೆ. ಹೋಗ್ಲಾ ಬೇಡ್ವಾ? ನೀವೇ ಹೇಳಿ, ನೀವೆಲ್ಲಾ ಏನು ಮಾಡ್ತೀರಿ?"

ಒಬ್ಬ ಮುದುಕ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ, ಮರದ ಗೊಂಬೆಯೊಂದಕ್ಕೆ.

ಪಾರುಪತ್ಯಗಾರ ಕೂತಲ್ಲೇ ಚಡಪಡಿಸಿದ. "ಇದೇನಿದು? ಏಟು ಎಲ್ಲಿ? ಈ ಆಟದಲ್ಲಿ ಏಟು ಇರ್ಬೇಕಲ್ಲ!" ಎಂದು ಗದರಿದ.

ಹಿಂದಿನ ಗೋಡೆಯ ಕಡೆಯಿಂದ ಮತೌಷ್‌ನ ದನಿ ಬಂತು, ಬಲು ವಿನಯದ ದನಿ. "ಅದು ನನ್ನ ಹತ್ರ ಇದೆ ಬುದ್ಧೀ. ನಿನ್ನೆ ತಾವೇ ಕೊಡ್ಸಿದ್ರಲ್ಲ, ಮರ್ತುಬಿಟ್ರಾ?"

ಮೊದಲು ನಕ್ಕವಳು ಅವನ ಹೆಂಡತಿ. ಆಮೇಲೆ ನೋಡಿ, ಪಡಖಾನೆಯೇ ಹಾರಿಹೋಗುವ ಹಾಗೆ ನಗು ಎದ್ದಿತು. ಕ್ಲಿಮೆಂಟ್ ಪೀಪಾಯಿಯನ್ನು ತಬ್ಬಿಕೊಂಡು ನಕ್ಕ. ಹೆಂಗಸರು ಕಣ್ಣೀರು ಒರೆಸಿಕೊಂಡು ನಕ್ಕರು. ಮತೌಷ್ ಕೂಡ ನಕ್ಕ, ನಕ್ಕಾಗ ಬೆನ್ನು ನೊಂದು "ಅಯ್ಯಪ್ಪಾ" ಎಂದ, ಅದಕ್ಕೆ ಇನ್ನಷ್ಟು ನಕ್ಕರು. ಅಪೊಲೆನಾಳ ಜೀವಮಾನದಲ್ಲೇ ವಾವ್ರಾನಿಗೆ ಅಂಥ ನಗು ಸಿಕ್ಕಿರಲಿಲ್ಲ. ಇಷ್ಟು ದಿನ ಅವನನ್ನು ನೋಡಿ ನಗುತ್ತಿದ್ದ ಜನ ಅವತ್ತು ಅವನ ಜೊತೆ ಸೇರಿಕೊಂಡು ನಕ್ಕರು. ಪಾರುಪತ್ಯಗಾರನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಯಾರನ್ನೆಂದು ಹಿಡಿಸುತ್ತಾನೆ? ಊರಿಗೆ ಊರೇ ನಗುತ್ತಿದೆ. ಎದ್ದು ಬಾಗಿಲು ಬಡಿದು ಹೋದ.

ಮರುದಿನ ಬೆಳಿಗ್ಗೆ ಅಪ್ಪಣೆ ಬಂತು. ಸಂಸ್ಥಾನದ ಗಡಿ ದಾಟಿ ಹೋಗಬೇಕು, ಮತ್ತೆ ಕಾಲಿಡಕೂಡದು. ಅಪೊಲೆನಾ ಮರುಮಾತಾಡದೆ ಗಾಡಿ ಕಟ್ಟಿದಳು. ಮತೌಷ್‌ನ ಹೆಂಡತಿ ಓಡೋಡಿ ಬಂದು ಗಸಗಸೆ ತುಂಬಿದ ಬಿಸಿ ಕೊಲಾಚ್ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಅಪೊಲೆನಾಳ ಕೈ ಹಿಡಿದು ಒತ್ತಿದಳು.

"ಮುಗೀತಲ್ಲ" ಎಂದಳು ಕೊರ್ಡುಲಾ ಗಾಡಿಯ ಮೇಲೆ. "ರೊಟ್ಟಿ ತಿಂದ್ಕೊಂಡಿರು ಇನ್ನು. ಪ್ರೊಕೊಪ್ ಬರ್ತಾನೆ."

"ಬರ್ಲಿ ಬಿಡಿ ಅತ್ತೆ. ನೀವೂ ಒಂದು ತಗೊಳ್ಳಿ, ಬಿಸಿ ಇದೆ."

ಕೆಟ್ಟ ಸುದ್ದಿಗೆ ಕುದುರೆ ಬೇಕಾಗಿಲ್ಲ. ಗಡಿಯಾಚೆ ಹೊಳೆಯ ದಂಡೆಯಲ್ಲಿ ಅವರು ಗಾಡಿ ಬಿಟ್ಟಿದ್ದಾಗಲೇ ಪ್ರೊಕೊಪ್ ತನ್ನ ಗಾಡಿ ಓಡಿಸಿಕೊಂಡು ಬಂದ. ಮೀಸೆಯ ತುದಿ ನಡುಗುತ್ತಿತ್ತು.

"ನಾನು ಮೊದ್ಲೇ ಹೇಳಿದ್ದೆ! ಅಪ್ಪನ ಹೆಸ್ರು ಬೀದಿಪಾಲು ಮಾಡ್ದೆ. ಪೆಟ್ಟಿಗೆ ತೆಗಿ."

"ತೆಗೀತೀನಿ ಭಾವ. ಕೊಟ್ಟ ಮಾತು ಮಾತೇ."

ಅವಳೇ ಪೆಟ್ಟಿಗೆ ತೆರೆದು ಒಂದೊಂದಾಗಿ ಹುಲ್ಲಿನ ಮೇಲೆ ಇಟ್ಟಳು. ರಾಜ, ರಾಣಿ, ರಾಜಕುಮಾರಿ, ಸರದಾರರು, ದಫೇದಾರ, ಸೈತಾನ. ಗಂಡ ಆಡಿಸುತ್ತಿದ್ದ ರಾಜನನ್ನು ಇಡುವಾಗ ಮಾತ್ರ ಅವಳ ಕೈ ತಡೆಯಿತು. ಅವನ ಕೆನ್ನೆಯ ಧೂಳೊರೆಸಿ ಕೊಟ್ಟಳು. ವಾವ್ರಾನನ್ನೂ ಅವನ ಹೆಂಡತಿ, ಗಿರಣಿಯವನು, ಅಕ್ಕಪಕ್ಕದ ರೈತರು ಇವರನ್ನೂ ಪಕ್ಕಕ್ಕೆ ಸರಿಸಿಟ್ಟುಕೊಂಡಳು.

"ಅವೂ ಕೊಡು" ಎಂದ ಪ್ರೊಕೊಪ್.

"ಅಪ್ಪ ಮಾಡಿದ ಗೊಂಬೆಗಳು ಅಂದ್ರಿ. ಇವು ನಾನು ಮಾಡಿದ್ದು. ಬೆನ್ನು ತಿರುಗಿಸಿ ನೋಡಿ ಭಾವ, ಯಾರ ಉಳಿ ಗುರುತು ಅಂತ ನಿಮ್ಗೇ ಗೊತ್ತಾಗುತ್ತೆ."

ಪ್ರೊಕೊಪ್ ತಿರುಗಿಸಿ ನೋಡಿದ. ಎಷ್ಟೇ ಸಿಟ್ಟಿನವನಾದರೂ ಕಸುಬಿನವನು, ಸುಳ್ಳು ಹೇಳಲಾರ. ಆಮೇಲೆ ಜೋರಾಗಿ ನಕ್ಕುಬಿಟ್ಟ. "ಇಟ್ಕೋ ತಾಯಿ, ಇಟ್ಕೋ! ರಾಜನಿಲ್ದೆ ಬರೀ ಈ ಮಣ್ಣಿನವರನ್ನ ಇಟ್ಕೊಂಡು ಏನು ಆಟ ಆಡ್ತೀಯೋ ನಾನೂ ನೋಡ್ತೀನಿ. ಅಮ್ಮಾ, ನನ್ನ ಗಾಡಿ ಹತ್ತು."

ಕೊರ್ಡುಲಾ ಎದ್ದಳು. ಮಗನ ಗಾಡಿಯ ತನಕ ಹೋದಳು. ಹುಲ್ಲಿನ ಮೇಲಿನ ರಾಜನನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ನಿನ್ನ ಹತ್ರ ಗೊಂಬೆ ಎತ್ತಿಕೊಡೋಕೆ ಹೆಂಡ್ತಿ ಇದ್ದಾಳೆ" ಎಂದಳು ಮಗನಿಗೆ. "ಇವಳಿಗೆ ಯಾರಿದ್ದಾರೆ? ಇವಳ ಕೆಲ್ಸ ಸರಿಯಿಲ್ಲ ಅಂತ ಹೇಳೋಕಾದ್ರೂ ಒಬ್ಬರು ಬೇಕಲ್ಲ." ತಿರುಗಿ ಬಂದು ತನ್ನ ಮುಕ್ಕಾಲಿಯ ಮೇಲೆ ಕೂತಳು.

ಅಪೊಲೆನಾ ಅತ್ತದ್ದು ಆಗ. ಪೆಟ್ಟಿಗೆ ಹೋದದ್ದಕ್ಕಲ್ಲ.

ಅತ್ತು ಮುಗಿದ ಮೇಲೆ ಯೋಚನೆ ಹತ್ತಿತು. ಅವಳಿಗೆ ಗೊತ್ತಿದ್ದ ಆಟಗಳೆಲ್ಲಾ ರಾಜರ ಆಟಗಳೇ. ಕದ್ದ ಕಿರೀಟ, ಸೆರೆಸಿಕ್ಕ ರಾಣಿ, ಸೇಡಿನ ಸರದಾರ. ವಾವ್ರಾನ ಕಥೆ ಏನು? ಒದೆ ಬಿಟ್ಟರೆ ಅವನಿಗೆ ಯಾರೂ ಕಥೆ ಕೊಟ್ಟಿರಲಿಲ್ಲ.

"ಅವನ ಮನೇಲಿ ಏನಾಗುತ್ತೆ ಅತ್ತೆ?"

"ರೈತನ ಮನೇಲಿ ಏನಾಗುತ್ತೆ? ಹಸು ಕಾಯ್ಲೆ ಬೀಳುತ್ತೆ. ಅದನ್ನ ಯಾರು ದುಡ್ಡು ಕೊಟ್ಟು ನೋಡ್ತಾರೆ?"

ಬೈಯುತ್ತಲೇ ಕೊರ್ಡುಲಾ ತನ್ನ ಹಳೆಯ ಬೂಟೊಂದನ್ನು ಹರಿದು ಹೊಲಿದು ಹಸು ಮಾಡಿದಳು. ಅಪೊಲೆನಾ ಅದಕ್ಕೆ ಕಾಲು, ಕೊಂಬು ಕೆತ್ತಿದಳು. ಹೊಳೆಯಾಚೆಯ ಹಳ್ಳಿಯಲ್ಲಿ ಅಪ್ಪಣೆ ಕೇಳಿದಾಗ ಅಲ್ಲಿನ ಗುಮಾಸ್ತ "ರಾಜಕೀಯ ಗೀಜಕೀಯ ಇಲ್ಲ ತಾನೇ?" ಎಂದ. "ಒಂದು ಹಸು ಇದೆ ಸ್ವಾಮಿ" ಎಂದಳು. ಕೊಟ್ಟುಬಿಟ್ಟ.

ಒಂದು ದೊಡ್ಡ ಕೊಟ್ಟಿಗೆಯಲ್ಲಿ, ಹುಲ್ಲಿನ ಹೊರೆಗಳ ಮಧ್ಯೆ ಪರದೆ ಏರಿತು. ಬಣ್ಣದ ಅರಮನೆಯ ಜಾಗದಲ್ಲಿ ಏನೂ ಇರಲಿಲ್ಲ. ಕೊಟ್ಟಿಗೆಯ ಗೋಡೆಯೇ ವಾವ್ರಾನ ಮನೆಯ ಗೋಡೆಯಾಯಿತು. ವಾವ್ರಾ ಬಂದ, ಮಲಗಿದ ಹಸುವಿನ ಪಕ್ಕ ಕೂತ. ಎಬ್ಬಿಸಲು ನೋಡಿದ, ಎಬ್ಬಿಸಲಾಗಲಿಲ್ಲ. ಹೆಂಡತಿಯ ಜೊತೆ ಜಗಳವಾಡಿದ. ಗಿರಣಿಯವನು ಬಂದು ಬೇಡದ ಬುದ್ಧಿವಾದ ಹೇಳಿ ಹೋದಾಗ ಜನ ನಕ್ಕರು. ಹೆಂಡತಿ ಬೈಯುತ್ತಲೇ ತನ್ನ ಶಾಲು ತಂದು ಹಸುವಿಗೆ ಹೊದಿಸಿದಾಗ ಹಿಂದೆ ಕೂತಿದ್ದವರು ಎದ್ದು ನಿಂತು ಇಣುಕಿದರು. ವಾವ್ರಾ ಹಸುವಿನ ಕೊರಳಿಗೆ ತಲೆಯಾನಿಸಿ ಬೆಳಗಾಗುವುದನ್ನು ಕಾಯುತ್ತಾ ಕೂತ. ಅಲ್ಲಿಗೆ ಅಪೊಲೆನಾ ಪರದೆ ಎಳೆದಳು, ಮುಂದೇನೆಂದು ಅವಳಿಗೇ ಹೊಳೆದಿರಲಿಲ್ಲ. ರಾಜ ಎಲ್ಲಿ ಎಂದು ಯಾರೂ ಕೂಗಲಿಲ್ಲ. ನೆಗಡಿಯ ಮಾತೂ ಬರಲಿಲ್ಲ.

ಜನ ಚದುರಿದ ಮೇಲೆ ಒಬ್ಬ ಅಜ್ಜಿ ಕೋಲೂರಿಕೊಂಡು ಪರದೆಯ ಹಿಂದಕ್ಕೇ ಬಂದಳು. ಮುಖದಲ್ಲಿ ನಿಜವಾದ ಕಳವಳವಿತ್ತು.

"ಅವ್ವಾ, ಆ ಹಸು ಉಳೀತಾ?"

ಅಪೊಲೆನಾ ಅವಳನ್ನೇ ನೋಡಿದಳು. ತನ್ನ ಕೈಯಲ್ಲಿ ಅದೆಷ್ಟು ರಾಜರು ಸತ್ತಿದ್ದರು, ಅದೆಷ್ಟು ಸಿಂಹಾಸನಗಳು ಉರುಳಿದ್ದವು. ಆಟ ಮುಗಿದ ಮೇಲೆ ಅವರ ಗತಿ ಏನಾಯಿತೆಂದು ಒಬ್ಬರಾದರೂ ಬಂದು ಕೇಳಿದ್ದಿಲ್ಲ.

"ಗೊತ್ತಿಲ್ಲ ಅಜ್ಜಿ" ಎಂದಳು ನಿಜವನ್ನೇ.

"ಗೊತ್ತಿಲ್ಲ ಅಂದ್ರೆ ಆಗುತ್ತಾ?" ಅಜ್ಜಿ ಅವಳನ್ನು ಬಿಟ್ಟು ಗೂಟದಲ್ಲಿ ನೇತಾಡುತ್ತಿದ್ದ ವಾವ್ರಾನ ಕಡೆ ತಿರುಗಿದಳು. ಬೆರಳೆತ್ತಿ, ಮಗನಿಗೆ ಹೇಳುವ ಹಾಗೆ ಹೇಳಿದಳು. "ನೋಡಪ್ಪ, ಅಗಸೆ ಬೀಜ ಬೇಯಿಸಿ ಗಂಜಿ ಮಾಡಿ ಕುಡ್ಸು. ತೀರಾ ಬಿಸಿ ಕುಡಿಸ್ಬೇಡ, ಪಾಪ ನಾಲಗೆ ಸುಟ್ಟೀತು. ಹೆದರ್ಬೇಡ. ನಮ್ಮದೂ ಹೀಗೇ ಆಗಿತ್ತು, ಎದ್ದು ನಿಂತ್ಕೊಳ್ತು."

ಅಪೊಲೆನಾ ಗೂಟದಿಂದ ವಾವ್ರಾನನ್ನು ಇಳಿಸಿ ಕೈಗೆ ತೆಗೆದುಕೊಂಡಳು.

"ಆಗ್ಲಿ ಅಜ್ಜಿ, ಹಾಗೇ ಮಾಡ್ತೀನಿ" ಎಂದ ವಾವ್ರಾ.